ಗಾಜಿನಾಚೆಯ ಪರಿಚಯ

ದೊಡ್ಡಬಳ್ಳಾಪುರದ ನೇಕಾರರ ಮನೆಯೊಂದರಲ್ಲಿ, ವಿದ್ಯುತ್ ಮಗ್ಗದ ಸದ್ದು ನಿರಂತರವಾಗಿ ಮೊಳಗುತ್ತಿರುವ ನಡುಮನೆಯ ಮೂಲೆಯಲ್ಲಿ ಇರಿಸಿರುವ ಅಕ್ವೇರಿಯಂನ ಹೊಂಬಣ್ಣದ ಮೀನುಗಳು, ನಿತ್ಯವೂ ಆಹಾರವಿಕ್ಕುವ ಅಜ್ಜಿ ಸಮೀಪಿಸಿದೊಡನೆ ಮೇಲೇರಿ ಬಾಯ್ದೆರೆಯುವುದನ್ನೂ, ನಾನು ಬಾಗಿ ನೋಡಿದಾಗ ಹಿಂದೆ ಸರಿಯುವುದನ್ನೂ ಕಂಡು, ಇದು ಬರಿಯ ಹಸಿವಿನ ಅಭ್ಯಾಸವೋ ನಿಜವಾದ ಪರಿಚಯವೋ ಎಂಬ ಜಿಜ್ಞಾಸೆ ನನ್ನಲ್ಲಿ ಉದಿಸಿತು.

ಮೀನಿನ ಸ್ಮೃತಿ ಮೂರೇ ಸೆಕೆಂಡಿನದೆಂಬ ಜನಜನಿತವಾದ ಮಾತು ಸತ್ಯಕ್ಕೆ ಬಲುದೂರ. ಬಾಯಿಂದ ನೀರಿನ ಧಾರೆಯನ್ನು ಚಿಮ್ಮಿ ಕೀಟಗಳನ್ನು ಕೆಡಹುವ ಆರ್ಚರ್ ಮೀನುಗಳು, ತಾವು ಕಲಿತ ಒಂದು ಮನುಷ್ಯಮುಖವನ್ನು 44 ಅನ್ಯಮುಖಗಳಿಂದ ಬೇರ್ಪಡಿಸಿ ಗುರುತಿಸಬಲ್ಲವೆಂದು 2016ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಸಂಶೋಧಕರ ಪ್ರಯೋಗವು ತೋರಿಸಿತು. ನಮ್ಮ ಮಿದುಳಿನಲ್ಲಿರುವ ನಿಯೋಕಾರ್ಟೆಕ್ಸ್ ಎಂಬ ಹೊರಪದರವೇ ಇಲ್ಲದ ಜೀವಿಗೆ ಇಂತಹ ವಿವೇಚನೆ ಸಾಧ್ಯವಾಗಿರುವುದು ನನಗಂತೂ ಪರಮಾಶ್ಚರ್ಯದ ಸಂಗತಿ.

ಆದರೆ ಗುರುತೆಲ್ಲ ಮುಖದಿಂದಲೇ ಆಗುವುದೆಂದು ತಿಳಿಯಬೇಕಾಗಿಲ್ಲ. ಮೆಡಿಟರೇನಿಯನ್ ಸಮುದ್ರದ ಮೀನುಗಳು ಇಬ್ಬರು ಮುಳುಗುಗಾರರಲ್ಲಿ ತಮಗೆ ಆಹಾರವಿತ್ತವರನ್ನೇ ಆರಿಸಿ ಹಿಂಬಾಲಿಸಿದವೆಂದೂ, ಇಬ್ಬರೂ ಒಂದೇ ಬಗೆಯ ಉಡುಪು ಧರಿಸಿದಾಗ ಆ ಭೇದವನ್ನು ತೋರಲಿಲ್ಲವೆಂದೂ 2025ರ ಅಧ್ಯಯನವೊಂದು ಹೇಳುತ್ತದೆ. ಅಜ್ಜಿಯ ಸೀರೆಯ ಬಣ್ಣ, ನಡಿಗೆಯ ಲಯ, ಆಹಾರದ ವೇಳೆ, ಇವೂ ಆ ಮೀನುಗಳಿಗೆ ಕುರುಹಾಗಿರಬಹುದು. ನೀರಿನ ಚಲನೆಯನ್ನು ಪಾರ್ಶ್ವರೇಖೆಯೆಂಬ ಇಂದ್ರಿಯದಿಂದ ಅರಿಯುವ ಈ ಜೀವಿಗಳ ತೊಟ್ಟಿಯನ್ನು ಮಗ್ಗದ ಅದುರುವಿಕೆಯಿಂದ ಆದಷ್ಟು ದೂರದಲ್ಲಿ ಇರಿಸಿರೆಂದು ಅಜ್ಜಿಯಲ್ಲಿ ಬಿನ್ನವಿಸಿ ಬಂದಿದ್ದೇನೆ.