ಎಕಾರದ ಪಾಠ

ಪಂಪ, ಕುಮಾರವ್ಯಾಸರನ್ನು ಪಾಠ ಹೇಳುವ ಅಧ್ಯಾಪಕನಿಗೆ ಕಾಗುಣಿತ ಕಲಿಸುವುದೇನೂ ದೊಡ್ಡ ಕೆಲಸವಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಮುಂಬಯಿಯಲ್ಲಿ ಕನ್ನಡ ಕಲಿಕೆಯ ಸಂಜೆ ತರಗತಿಯನ್ನು ವಹಿಸಿಕೊಂಡ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಅದನ್ನು ಕದಲಿಸಿದ್ದು ಒಂದು ಎಕಾರ.

ತರಗತಿಯಲ್ಲಿ ಕುಂದಾಪುರದ ಕಡೆಯ ಗೃಹಸ್ಥರೊಬ್ಬರಿದ್ದರು. ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವುದು ಅವರ ಉದ್ಯೋಗ. ಮನೆಮಾತು ಕನ್ನಡವಾದರೂ ಓದಿದ್ದು ಮರಾಠಿ ಶಾಲೆಯಲ್ಲಿ. ತಂದೆ ತೀರಿಕೊಂಡ ಮೇಲೆ ಗದ್ದೆ ನೋಡಿಕೊಳ್ಳಲು ಊರಿಗೆ ಮರಳಿದ್ದ ತಾಯಿಗೆ ಕನ್ನಡವಲ್ಲದೆ ಬೇರೆ ಓದು ತಿಳಿಯದು. ಅವರಿಗೆ ತನ್ನ ಕೈಯಾರೆ ಕಾಗದ ಬರೆಯಬೇಕೆಂಬುದೊಂದೇ ಇವರ ಆಸೆ. ಅಭ್ಯಾಸಕ್ಕೆಂದು ಬರೆದ ಕಾಗದದಲ್ಲಿ “ಅಮ್ಮ, ಈ ವರ್ಷ ಬೇಳೆ ಹೇಗಿದೆ?” ಎಂಬ ವಾಕ್ಯವಿತ್ತು. ನಾನು ಅದನ್ನು ಎಲ್ಲರಿಗೂ ಓದಿ ಹೇಳಿ, “ಇಲ್ಲಿಗೆ ಬಂದರೂ ಹೋಟೆಲಿನ ಯೋಚನೆ ಬಿಡಲಿಲ್ಲವೆ?” ಎಂದೆ. ತರಗತಿ ನಕ್ಕಿತು. ಅವರು ನಗಲಿಲ್ಲ. ಮುಂದಿನ ಎರಡು ವಾರ ಬರಲೂ ಇಲ್ಲ.

ಆ ಅವಧಿಯಲ್ಲಿ ಇನ್ನೊಂದು ಪುಸ್ತಕ ತಿದ್ದುತ್ತಿದ್ದೆ. ಅದು ಕನ್ನಡದ ಮನೆಗೆ ಸೊಸೆಯಾಗಿ ಬಂದ ಮರಾಠಿ ಮಾತೃಭಾಷೆಯ ತರುಣಿಯದು. ಅಲ್ಲಿಯೂ ಬೆಳೆ ‘ಬೇಳೆ’ಯಾಗಿತ್ತು. ಜೊತೆಗೆ ‘ಎಲ್ಲಿ’ ಎಂಬುದು ಒಂದು ಕಡೆ ‘ಏಲ್ಲಿ’, ಇನ್ನೊಂದು ಕಡೆ ‘ಯೆಲ್ಲಿ’. ಕೆಂಪು ಶಾಯಿಯನ್ನು ಕೆಳಗಿಟ್ಟು ಮೊದಲ ಬಾರಿಗೆ ಕಾರಣವನ್ನು ಹುಡುಕಿದೆ.

ಶಾಲೆಯಲ್ಲಿ ಕಲಿಸುವ ದೇವನಾಗರಿಯಲ್ಲಿ ಎಕಾರ ಏಕಾರಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ, ಇರುವುದು ಒಂದೇ. ಸಂಸ್ಕೃತದಲ್ಲಿ ಏಕಾರ ಯಾವಾಗಲೂ ದೀರ್ಘ. ಹ್ರಸ್ವವಾದ ಎ, ಒಗಳನ್ನು 13ನೆಯ ಶತಮಾನದ ಕೇಶಿರಾಜನೇ ‘ಶಬ್ದಮಣಿದರ್ಪಣ’ದಲ್ಲಿ ದೇಶೀಯ ಅಕ್ಷರಗಳ ಸಾಲಿಗೆ ಸೇರಿಸಿದ್ದಾನೆ. ನಮ್ಮ ಹಳೆಯ ಶಾಸನಗಳ ಲಿಪಿಯಲ್ಲಿಯೂ ಈ ಹ್ರಸ್ವದೀರ್ಘಗಳ ಭೇದ ಸಾಮಾನ್ಯವಾಗಿ ಕಾಣುವುದಿಲ್ಲ; ಓದುವವನೇ ಸಂದರ್ಭದಿಂದ ಅದನ್ನು ಅರಿಯಬೇಕಿತ್ತು. ಶತಮಾನಗಳ ಕಾಲ ಲಿಪಿಕಾರರೇ ತೋರಿಸದೆ ಬಿಟ್ಟ ಭೇದಕ್ಕಾಗಿ ನಾನು ಒಬ್ಬ ವಿದ್ಯಾರ್ಥಿಯನ್ನು ನಗೆಪಾಟಲು ಮಾಡಿದ್ದೆ!

ಮೂರನೆಯ ವಾರ ಅವರು ಬಂದರು. ಎಲ್ಲರೆದುರಿಗೇ ತಪ್ಪೊಪ್ಪಿಕೊಂಡು, ಆ ವಾಕ್ಯವನ್ನು ಓದಲು ಕೇಳಿಕೊಂಡೆ. ‘ಬೇಳೆ’ ಎಂದು ಬರೆದದ್ದನ್ನು ಅವರು ಸ್ಪಷ್ಟವಾಗಿ ‘ಬೆಳೆ’ ಎಂದೇ ಓದಿದರು. ಅವರ ಕಿವಿ ನಾಲಗೆಗಳಲ್ಲಿ ದೋಷವಿರಲಿಲ್ಲ. ಅವರ ಕೈ ಮಾತ್ರ ಮರಾಠಿಯ ರೂಢಿಯಲ್ಲಿ ನಡೆದಿತ್ತು. “ನೀವು ಹೇಳುವುದನ್ನು ನೀವೇ ಕೇಳಿಸಿಕೊಂಡು ಬರೆಯಿರಿ” ಎಂದೆ. ಎಳೆದು ಹೇಳಿದರೆ ಮಾತ್ರ ಏತ್ವದ ಮುಂದೆ ದೀರ್ಘ. ಇಲ್ಲವಾದರೆ ಏತ್ವವೊಂದೇ ಸಾಕು. ‘ಕೀ’, ‘ಕೇ’, ‘ಕೋ’ ಮೂರರಲ್ಲಿಯೂ ಬರುವುದು ಅದೇ ದೀರ್ಘದ ಚಿಹ್ನೆಯೆಂದು ತೋರಿಸಿದಾಗ, “ಇಷ್ಟೇನಾ ಸರ್?” ಎಂದರು.

ಆ ತರುಣಿಗೆ ಈ ಉಪಾಯ ಸಲ್ಲಲಿಲ್ಲ. ಮರಾಠಿಯಲ್ಲಿ ಎ, ಏಗಳ ಹ್ರಸ್ವದೀರ್ಘದಿಂದ ಅರ್ಥ ಬದಲಾಗದು. ಆದ್ದರಿಂದ ಆಕೆಯ ಕಿವಿಗೆ ಎರಡೂ ಒಂದೇ. ಲೇಖನಿಯನ್ನು ಬದಿಗಿಡಿಸಿ ಕೆಲವು ದಿನ ಬರಿಯ ಕೇಳುವ ಪಾಠ ಮಾಡಿದೆ. ಬೆಳೆ–ಬೇಳೆ, ಕೆರೆ–ಕೇರೆ, ಕೊಡು–ಕೋಡು: ನಾನು ಒಂದನ್ನು ನುಡಿದರೆ ಆಕೆ ಅರ್ಥ ಹೇಳಬೇಕು. ಬರವಣಿಗೆ ಅನಂತರ ಬಂದಿತು. ‘ಯೆಲ್ಲಿ’ಯ ವಿಷಯದಲ್ಲಿಯಾದರೋ ಆಕೆಯ ಕಿವಿ ಬಹು ಸೂಕ್ಷ್ಮ. ಪದಾದಿಯ ಎಕಾರಕ್ಕೆ ಮುನ್ನ ನಾವು ಮಾತಿನಲ್ಲಿ ಯಕಾರದ ಎಳೆಯೊಂದನ್ನು ಸೇರಿಸುತ್ತೇವೆ. ಆಕೆ ಕೇಳಿದ್ದನ್ನೇ ಬರೆದಿದ್ದಳು. ಅಲ್ಲಿ ಕಲಿಸಬೇಕಾದುದು ಬರಹದ ರೂಢಿಯನ್ನು, ಉಚ್ಚಾರವನ್ನಲ್ಲ.

ಎರಡು ಪುಸ್ತಕಗಳಲ್ಲಿ ತಪ್ಪು ಒಂದೇ ಆಗಿತ್ತು, ಕಾರಣಗಳು ಬೇರೆಬೇರೆ. ನನ್ನ ಕೆಂಪು ಶಾಯಿಗೆ ಆ ವ್ಯತ್ಯಾಸ ತಿಳಿದಿರಲಿಲ್ಲ. ಈ ವಿಭಾಗದಿಂದ ಪದವಿ ಪಡೆದು ಹೊರನಾಡಿನಲ್ಲಿ ಕನ್ನಡ ಕಲಿಸಲು ಹೊರಡುವ ತರುಣ ಮಿತ್ರರಲ್ಲಿ ನನ್ನದೊಂದು ಬಿನ್ನಹ: ಬರೆದದ್ದನ್ನು ತಿದ್ದುವ ಮುನ್ನ ಬರೆದವರಿಂದಲೇ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಆ ಗೃಹಸ್ಥರು ಬರೆದ ಕಾಗದ ಊರಿಗೆ ಹೋಯಿತು. ತಾಯಿ ಏನು ಉತ್ತರಿಸಿದರೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ವರ್ಷದ ಕೊನೆಯವರೆಗೆ ಅವರು ಒಂದು ತರಗತಿಯನ್ನೂ ತಪ್ಪಿಸಲಿಲ್ಲ.