ಇವರು ನಿಮಗೇನಾಗಬೇಕು?

ಮಂಗಳೂರಿನ ವಸತಿ ಸಮುಚ್ಚಯವೊಂದರಲ್ಲಿ ನನ್ನದೊಂದು ಮನೆಯಿದೆ. ಅಲ್ಲಿಯ ಮಾಲೀಕರ ಸಂಘಕ್ಕೆ ಹಲವು ವರ್ಷ ಕೋಶಾಧಿಕಾರಿಯಾಗಿದ್ದೆನಾದ್ದರಿಂದ ಬಾಡಿಗೆದಾರರ ಅರ್ಜಿಯ ನಮೂನೆಯನ್ನು ಸಿದ್ಧಪಡಿಸಿದವನೂ ನಾನೇ. ಗಂಡನ ಹೆಸರು, ಹೆಂಡತಿಯ ಹೆಸರು, ಮಕ್ಕಳ ಸಂಖ್ಯೆ. ಅಡಿಯಲ್ಲಿ ‘ಕುಟುಂಬಸ್ಥರಿಗೆ ಮಾತ್ರ’ ಎಂಬ ಒಕ್ಕಣೆ. ವಾಣಿಜ್ಯ ಪದವೀಧರನ ಅಚ್ಚುಕಟ್ಟುತನವೆಂದು ಆಗ ಹೆಮ್ಮೆಯೂ ಇತ್ತು.

2022ರ ಏಪ್ರಿಲಿನಲ್ಲಿ ಮೂವತ್ತರ ಆಸುಪಾಸಿನ ಅವಿವಾಹಿತ ತರುಣನೊಬ್ಬ ಮನೆ ಕೇಳಿಕೊಂಡು ಬಂದ. ಜೊತೆಯಲ್ಲಿ ಹತ್ತು ವರ್ಷದ ಹುಡುಗಿ, ಆರು ವರ್ಷದ ಹುಡುಗ.

“ಇವರು ನಿಮಗೇನಾಗಬೇಕು?” ಎಂದೆ.

“ಅಕ್ಕನ ಮಕ್ಕಳು ಸರ್. ಅಕ್ಕ ತೀರಿಕೊಂಡರು. ಭಾವ ಕುವೈತಿನಲ್ಲಿ ಕೆಲಸಕ್ಕಿದ್ದಾರೆ. ಮಕ್ಕಳು ನನ್ನ ಹತ್ತಿರವೇ ಇರುವುದು.”

ನಮೂನೆಯನ್ನು ನೋಡಿದೆ. ಅವನ ಮಾತನ್ನು ಬರೆದುಕೊಳ್ಳಲು ಅದರಲ್ಲಿ ಸ್ಥಳವಿರಲಿಲ್ಲ. ಪಾಲಕನೆಂದು ನ್ಯಾಯಾಲಯದ ಆದೇಶ ತಂದರೆ ನೋಡೋಣವೆಂದು, ಮಕ್ಕಳ ಎದುರಿಗೇ ಹೇಳಿ ಕಳುಹಿಸಿಬಿಟ್ಟೆ.

ಅಂತಹ ಆದೇಶ ಅವನಿಗೆ ದೊರೆಯುವುದೇ ಕಷ್ಟವೆಂದು ವಕೀಲ ಮಿತ್ರರೊಬ್ಬರು ತಿಳಿಸಿದ್ದು ಅನಂತರ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ ಪ್ರಕಾರ, ತಂದೆಯೋ ತಾಯಿಯೋ ಬದುಕಿದ್ದು ಅವರು ಅನರ್ಹರೆಂದು ನ್ಯಾಯಾಲಯಕ್ಕೆ ಕಾಣದ ಹೊರತು ಮಕ್ಕಳಿಗೆ ಬೇರೊಬ್ಬ ಪಾಲಕನನ್ನು ನೇಮಿಸುವಂತಿಲ್ಲ. ಎಂದರೆ, ಒಂದು ಬಾಡಿಗೆ ಮನೆಗಾಗಿ ಆತ ತನ್ನ ಭಾವನನ್ನು ಅಯೋಗ್ಯನೆಂದು ಸಾಧಿಸಬೇಕಿತ್ತು! ಅದೇ ಕಾಯ್ದೆ ಮಗುವಿನ ಆರೈಕೆ ಯಾರ ಕೈಯಲ್ಲಿದೆಯೋ ಅವರನ್ನೂ ಪಾಲಕರೆಂದೇ ಕರೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಖ್ಯೆಯೂ ಹಾಗೆಯೇ ಇದೆ. ಬಾಡಿಗೆ ಕರಾರಿಗಂತೂ ಅಪ್ರಾಪ್ತರ ರುಜು ಬೇಕಿಲ್ಲ, ಸಲ್ಲುವುದೂ ಇಲ್ಲ. ಮಾವನ ರುಜು ಸಾಕಿತ್ತು. ನನ್ನ ಸಮಾಧಾನಕ್ಕೆ ತಂದೆಯದೊಂದು ಪತ್ರ ಕೇಳಬಹುದಿತ್ತು.

ಕಾನೂನಿನ ಮಾತಿರಲಿ. ತುಳುನಾಡಿನ ಜೈನ ಮನೆತನದಲ್ಲಿ ಹುಟ್ಟಿದವನು ಆ ಪ್ರಶ್ನೆ ಕೇಳಿದನಲ್ಲ, ಅದು ನನ್ನನ್ನು ಕಾಡಿತು. ನಮ್ಮ ಹಿರಿಯರದು ಅಳಿಯಸಂತಾನ ಕಟ್ಟು. 1949ರ ಮದರಾಸು ಅಳಿಯಸಂತಾನ ಕಾಯ್ದೆಯಲ್ಲಿ ಕುಟುಂಬವೆಂದರೆ ಹೆಣ್ಣಿನ ಸಂತತಿಯಿಂದ ಬಂದವರ ಸಮೂಹವೇ ಹೊರತು ಗಂಡ, ಹೆಂಡತಿ, ಮಕ್ಕಳಲ್ಲ. ಯಜಮಾನಿಕೆ ನಡೆಸುತ್ತಿದ್ದವರು ಸಾಮಾನ್ಯವಾಗಿ ಸೋದರಮಾವಂದಿರು. ನನ್ನ ತಾಯಿಯನ್ನು ಶಾಲೆಗೆ ಸೇರಿಸಿದವರು, ಜ್ವರ ಬಂದಾಗ ರಾತ್ರಿ ಕಾದವರು ಅವರ ಮಾವ. ಅವರನ್ನು ಯಾರಾದರೂ “ಈ ಮಗು ನಿಮಗೇನಾಗಬೇಕು?” ಎಂದಿದ್ದರೆ ಪ್ರಶ್ನೆಯೇ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಮೇ ಕೊನೆಯಲ್ಲಿ ಆ ಮೂವರೂ ಸಮವಸ್ತ್ರದ ಬಟ್ಟೆಗೆಂದು ನನ್ನ ಅಂಗಡಿಗೇ ಬಂದರು. ಮುಂದಿನ ವರ್ಷ ಮಡಿಕೆ ಬಿಚ್ಚಿ ಉದ್ದ ಮಾಡುವಷ್ಟು ಬಟ್ಟೆ ಹೆಚ್ಚಿಗೆ ಕೊಡಿ ಎಂದು ಆತ ಹೇಳುತ್ತಿದ್ದಾಗ, “ಮಾವ, ಮನೆ ಕೊಡದವರು ಇವರೇ ಅಲ್ಲವಾ?” ಎಂದು ಹುಡುಗಿ ಕೇಳಿದಳು. ಪಿಸುಮಾತಲ್ಲ. ನನ್ನ ನೌಕರರಿಗೂ ಕೇಳಿಸಿತು. ಬಟ್ಟೆ ಮಾರುವಾಗ ನಾನು ಯಾವ ಆದೇಶವನ್ನೂ ಕೇಳಿರಲಿಲ್ಲ.

ನನ್ನ ಮನೆ ಇನ್ನೂ ಖಾಲಿಯಿದೆ ಎಂದೆ. “ಮುಂಗಡ ಕೊಟ್ಟಾಯಿತು ಸರ್” ಎಂದ. ದೂರದ ಮನೆ, ಶಾಲೆಗೆ ಎರಡು ಬಸ್ಸು ಹಿಡಿಯಬೇಕು. ಅಲ್ಲಿಯ ಒಡತಿ, ಬಾವಿಕಟ್ಟೆ ತಗ್ಗು, ಹುಡುಗನನ್ನು ಒಬ್ಬನೇ ಬಿಡಬೇಡಿ ಎಂದಷ್ಟೇ ಹೇಳಿದರಂತೆ.

ಸಂಘದ ಮುಂದಿನ ಸಭೆಯಲ್ಲಿ ನಮೂನೆ ಬದಲಿಸೋಣವೆಂದೆ. ಒಂಟಿ ಗಂಡಸು, ಹೆಣ್ಣುಮಗು, ನಾಳೆ ಏನಾದರೂ ಆದರೆ ಎಂದು ಹಿರಿಯರೊಬ್ಬರು ತಡೆದರು. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಬಾಗಿಲು ಮುಚ್ಚಿದರೆ ಮಗು ನಮ್ಮ ಕಣ್ಣಿನಿಂದ ದೂರವಾಗುತ್ತದೆಯೇ ಹೊರತು ಸುರಕ್ಷಿತವಾಗುವುದಿಲ್ಲ. ತಂದೆಯೊಡನೆ ಮಾತನಾಡಿ, ಶಾಲೆಯಲ್ಲಿ ವಿಚಾರಿಸಿ, ನೆರೆಯವರಾಗಿ ಹೋಗಿಬಂದು ಇರುವುದು ಕಷ್ಟವೇನಲ್ಲ. ಗಂಡಹೆಂಡಿರ ಮನೆಯಲ್ಲಿ ಏನೂ ಆಗದೆಂಬ ಭರವಸೆಯನ್ನು ತಾನೇ ಯಾರು ಕೊಟ್ಟರು?

ಎರಡು ಸಭೆಗಳು ಬೇಕಾದವು. ಈಗ ನಮೂನೆಯಲ್ಲಿ ‘ಮನೆಯಲ್ಲಿ ವಾಸಿಸುವವರು’ ಎಂಬ ಒಂದೇ ಅಂಕಣವಿದೆ. ಅದನ್ನು ಮೊದಲು ತುಂಬಿದವರು ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿಯೊಬ್ಬರು.