ತಂದೆಯ ಪಕ್ಕದ ಆಸನ: ಜಾರ್ಜ್ ಎಲಿಯಟ್‌ಳ ಆರಂಭದ ವರ್ಷಗಳು

ಜಾರ್ಜ್ ಎಲಿಯಟ್ ಎಂಬ ಗಂಡುಹೆಸರಿನಿಂದ ಪ್ರಸಿದ್ಧಳಾದ ಮೇರಿ ಆ್ಯನ್ ಇವಾನ್ಸ್ 1819ರ ನವೆಂಬರ್ 22ರಂದು ಇಂಗ್ಲೆಂಡಿನ ವಾರಿಕ್‌ಷೈರ್‌ನಲ್ಲಿ, ಆರ್ಬರಿ ಜಮೀನ್ದಾರಿಗೆ ಸೇರಿದ ಮನೆಯೊಂದರಲ್ಲಿ ಜನಿಸಿದಳು. ತಂದೆ ರಾಬರ್ಟ್ ಇವಾನ್ಸ್ ಬಡಗಿಯಾಗಿ ದುಡಿಮೆ ಆರಂಭಿಸಿ ಆ ಜಮೀನಿನ ಮೇಲ್ವಿಚಾರಕನ ಸ್ಥಾನಕ್ಕೇರಿದವನು. ಅವನು ಕೆಲಸದ ಮೇಲೆ ಗಾಡಿಯಲ್ಲಿ ಹೊರಟಾಗ ಎಷ್ಟೋ ಸಲ ಪುಟ್ಟ ಮಗಳೂ ಜೊತೆಗಿರುತ್ತಿದ್ದಳು. ಜಮೀನ್ದಾರರ ಬಂಗಲೆ, ಒಕ್ಕಲುಗಳ ಅಂಗಳ ಎರಡೂ ಆಕೆಗೆ ಪರಿಚಿತವಾದದ್ದು ಹೀಗೆ.

ಅಣ್ಣ ಐಸಾಕ್‌ನ ಮೇಲೆ ಆಕೆಗಿದ್ದ ಗಾಢ ಪ್ರೀತಿ 'ದಿ ಮಿಲ್ ಆನ್ ದ ಫ್ಲಾಸ್' (1860) ಕಾದಂಬರಿಗೆ ಆಧಾರವಾಯಿತು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳು ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು 1842ರ ಒಂದು ಮನೆಜಗಳ.

1836ರಲ್ಲಿ ತಾಯಿ ತೀರಿಕೊಂಡರು. ಅಕ್ಕನ ಮದುವೆಯೂ ಆದ ಮೇಲೆ ಮನೆವಾರ್ತೆ ಕಿರಿಯ ಮಗಳ ಪಾಲಿಗೆ ಬಂತು. ನಡುವೆಯೇ ಜರ್ಮನ್, ಇಟಾಲಿಯನ್ ಕಲಿಕೆ. 1841ರಲ್ಲಿ ತಂದೆ–ಮಗಳು ಕಾವೆಂಟ್ರಿಗೆ ಬಂದರು. ಅಲ್ಲಿ ರಿಬ್ಬನ್ ತಯಾರಕ ಚಾರ್ಲ್ಸ್ ಬ್ರೇಯ ಸ್ವತಂತ್ರ ವಿಚಾರಗಳ ಬಳಗ ದೊರೆಯಿತು. ಕಟ್ಟಾ ಧರ್ಮಶ್ರದ್ಧೆಯಲ್ಲಿ ಬೆಳೆದಿದ್ದ ಮಗಳು 1842ರ ಜನವರಿಯಲ್ಲಿ ಇನ್ನು ಚರ್ಚಿಗೆ ಬರುವುದಿಲ್ಲವೆಂದಳು. ತಂದೆ ಮಾತು ಬಿಟ್ಟ. ಮನೆಯನ್ನೇ ತೊರೆಯುವ ಯೋಚನೆ ಮಾಡಿದ. ಆಕೆ ಕೆಲವು ವಾರ ಅಣ್ಣನ ಮನೆಯಲ್ಲಿದ್ದು ಮರಳಿದಳು. ಕೊನೆಗೆ ರಾಜಿಯಾಯಿತು: ಮಗಳು ಚರ್ಚಿಗೆ ಬರುವಳು, ಅಲ್ಲಿ ಕುಳಿತು ಏನನ್ನು ಯೋಚಿಸಿದರೂ ತಂದೆ ಕೇಳುವುದಿಲ್ಲ.

ಇದನ್ನು ಶರಣಾಗತಿಯೆಂದು ಓದುವುದನ್ನು ನಾನು ಒಪ್ಪಲಾರೆ. ಏಸುವಿನ ಚರಿತೆಯನ್ನು ವಿಮರ್ಶೆಗೊಡ್ಡಿದ ಸ್ಟ್ರೌಸ್‌ನ ಜರ್ಮನ್ ಗ್ರಂಥವನ್ನು ಆಕೆ ಇಂಗ್ಲಿಷಿಗೆ ತಂದದ್ದು ಈ ವರ್ಷಗಳಲ್ಲಿಯೇ. ಅದು ಅನುವಾದಕಿಯ ಹೆಸರಿಲ್ಲದೆ 1846ರಲ್ಲಿ ಪ್ರಕಟವಾಯಿತು. ವಾರವೆಲ್ಲ ಸ್ಟ್ರೌಸ್, ಭಾನುವಾರ ತಂದೆಯ ಪಕ್ಕದ ಆಸನ! ವೃದ್ಧ ತಂದೆಯ ಸಮಾಧಾನಕ್ಕಾಗಿ, ನನಗೆ ನಂಬಿಕೆಯಿಲ್ಲದ ಪೂಜೆಗೆ ನಾನೂ ಕುಳಿತವನು. ಅಲ್ಲಿ ಮನಸ್ಸು ಸೋಲುವುದಿಲ್ಲ. ಸುತ್ತ ಕೈಮುಗಿದವರ ಮುಖಗಳನ್ನು ಗಮನಿಸತೊಡಗುತ್ತದೆ. ಎಲಿಯಟ್ ತನ್ನ ಪಾದ್ರಿಗಳನ್ನೂ ಭಕ್ತರನ್ನೂ ಗೇಲಿ ಮಾಡದೆ ಚಿತ್ರಿಸಿದ ಬಗೆಗೆ ಈ ಆಸನದ ಋಣವಿದೆಯೆಂದು ನನ್ನ ಊಹೆ. ಮೆಥಡಿಸ್ಟ್ ಬೋಧಕಿಯಾಗಿದ್ದ ಚಿಕ್ಕಮ್ಮ ಎಲಿಜಬೆತ್, ಶಿಶುಹತ್ಯೆಗಾಗಿ ಗಲ್ಲಿಗೇರಲಿದ್ದ ಹುಡುಗಿಯೊಬ್ಬಳ ಜೊತೆ ಸೆರೆಮನೆಯಲ್ಲಿ ಇರುಳು ಕಳೆದ ಕಥೆಯನ್ನು ಹಿಂದೆಯೇ ಹೇಳಿದ್ದಳು. ಅದೇ 'ಆ್ಯಡಮ್ ಬೀಡ್' (1859) ಆಯಿತು. ನಂಬಿಕೆ ಕಳೆದುಕೊಂಡವಳ ಮೊದಲ ಕಾದಂಬರಿಯಲ್ಲಿ ಅತ್ಯಂತ ಗೌರವ ಪಡೆದ ಹೆಣ್ಣು ಒಬ್ಬ ಧರ್ಮಬೋಧಕಿ.

ತಂದೆಗೆ ಕಾಯಿಲೆಯಾದಾಗ ಸ್ಕಾಟ್‌ನ ಕಾದಂಬರಿಗಳನ್ನು ಓದಿ ಹೇಳುತ್ತ, 1849ರ ಮೇ 31ರಂದು ಆತ ಸಾಯುವವರೆಗೂ ಆಕೆ ಶುಶ್ರೂಷೆ ಮಾಡಿದಳು. ಆ ಜಗಳವನ್ನು ತುಸು ಜಾಣ್ಮೆಯಿಂದ ತಪ್ಪಿಸಬಹುದಿತ್ತೆಂದು ಮುಂದೆ ನೊಂದುಕೊಂಡದ್ದನ್ನು ಪತಿ ಜಾನ್ ಕ್ರಾಸ್ ದಾಖಲಿಸಿದ್ದಾನೆ.

ಅಣ್ಣನೊಡನೆ ಇಂಥ ರಾಜಿ ಸಾಧ್ಯವಾಗಲಿಲ್ಲ. ವಿವಾಹಿತನಾಗಿದ್ದ ಜಿ. ಎಚ್. ಲೂಯಿಸ್‌ನೊಡನೆ ಬಾಳುತ್ತಿರುವುದನ್ನು 1857ರಲ್ಲಿ ತಿಳಿಸಿದಾಗ ಐಸಾಕ್ ವಕೀಲನಿಂದ ಉತ್ತರ ಬರೆಸಿದ. ಮತ್ತೆ ಅವನ ಪತ್ರ ಬಂದದ್ದು 1880ರಲ್ಲಿ, ಆಕೆ ಕ್ರಾಸ್‌ನನ್ನು ಮದುವೆಯಾದಾಗ. ಅರವತ್ತರ ತಂಗಿ ಹಳೆಯ ಅಕ್ಕರೆಯಿಂದಲೇ ಉತ್ತರಿಸಿದಳು. ಅದೇ ವರ್ಷದ ಡಿಸೆಂಬರಿನಲ್ಲಿ ಆಕೆಯ ಅಂತ್ಯಸಂಸ್ಕಾರಕ್ಕೆ ಐಸಾಕ್ ಬಂದಿದ್ದ.